ನಿಕ್ಷೇಪ ಎಂಬ ಮಾತಿನ ಬೆಲೆ

ರೋಣ, ನರಗುಂದ, ಗಜೇಂದ್ರಗಡ ಸೀಮೆಯ ರೈತರ ಬಾಯಲ್ಲಿ ನೆಲಕ್ಕೆ ಸಂಬಂಧಿಸಿದ ಮಾತುಗಳು ಸಡಿಲವಾಗಿಲ್ಲ. ಎರೆ ಎಂದರೆ ಎರೆ, ಮಸಾರಿ ಎಂದರೆ ಮಸಾರಿ. ನೀರು ನಿಂತು ಬೇರಿನ ಉಸಿರು ಕಟ್ಟಿದ ಹೊಲ ಜವಳು. ಉಪ್ಪು ಮೇಲೆದ್ದು ಬಿಳುಪೇರಿದ ಹೊಲ ಸವಳು. ಜವಳಿಗೆ ಬಸಿಗಾಲುವೆ ಬೇಕು. ಸವಳಿಗೆ ಬಸಿಗಾಲುವೆಯ ಜೊತೆಗೆ ಉಪ್ಪನ್ನು ತೊಳೆದೊಯ್ಯುವ ಸಿಹಿನೀರು ಬೇಕು, ಸೋಡಿಯಂ ಹೆಚ್ಚಿದ್ದರೆ ಜಿಪ್ಸಂ ಬೇಕು. ಹೆಸರು ತಪ್ಪಿದರೆ ಮದ್ದು ತಪ್ಪುತ್ತದೆ, ಮದ್ದು ತಪ್ಪಿದರೆ ಹೊಲ ಹೋಗುತ್ತದೆ. ಮಲಪ್ರಭೆಯ ಕಾಲುವೆ ಬಂದ ಮೇಲೆ ಈ ಪಾಠವನ್ನು ಆ ಸೀಮೆಯ ಜನ ಪುಸ್ತಕದಿಂದಲ್ಲ, ಬೆಳೆಯ ನಷ್ಟದಿಂದಲೇ ಕಲಿತಿದ್ದಾರೆ.

ಇಂಥ ನಿಖರ ಮಾತಿನ ಜನರ ನಡುವೆ ಹೊರಗಿನಿಂದ ಬಂದು ನೆಲೆಸಿರುವ ಒಂದು ಸಡಿಲ ಮಾತೆಂದರೆ 'ನಿಕ್ಷೇಪ'. ಚಿನ್ನದ ನಿಕ್ಷೇಪ, ಕಬ್ಬಿಣದ ನಿಕ್ಷೇಪ, ಯುರೇನಿಯಂ ನಿಕ್ಷೇಪ, ತೈಲ ನಿಕ್ಷೇಪ. ಕಂಡದ್ದಕ್ಕೂ ಇದೇ ಪದ, ಅಳೆದದ್ದಕ್ಕೂ ಇದೇ ಪದ, ಯಾರೋ ಇರಬಹುದೆಂದು ಊಹಿಸಿದ್ದಕ್ಕೂ ಇದೇ ಪದ. ಪತ್ರಿಕೆಯ ತಲೆಬರಹದಲ್ಲಿ ಇದು ಹಾನಿಯಿಲ್ಲದ ಸಡಿಲತೆಯೆಂದು ತೋರಬಹುದು. ಆದರೆ ಪೆಟ್ರೋಲಿಯಂ ಉದ್ಯಮದಲ್ಲಿ ಈ ಮೂರಕ್ಕೂ ಮೂರು ಬೇರೆ ಪದಗಳಿವೆ. ಅವುಗಳ ಆಧಾರದ ಮೇಲೆ ಹಣ ಹರಿಯುತ್ತದೆ, ಪರವಾನಗಿ ದೊರೆಯುತ್ತದೆ. ಹೊರಗೆ ಮೂರಾಗಿರುವುದು ಕನ್ನಡದಲ್ಲಿ ಒಂದಾದರೆ ನಷ್ಟ ಕನ್ನಡ ಬಲ್ಲವನದು.

ಈ ಪ್ರಶ್ನೆ ಅರಬ್ ದೇಶಗಳದ್ದೋ ಮುಂಬೈ ಕಡಲಿನದ್ದೋ ಎಂದು ಭಾವಿಸಬೇಕಾಗಿಲ್ಲ. ಭಾರತದಲ್ಲಿ ತೈಲ, ಅನಿಲಗಳ ಹುಡುಕಾಟಕ್ಕಾಗಿ ಗುರುತಿಸಲಾದ 26 ಜಲಜಶಿಲಾ ಕೊಳ್ಳಗಳ ಸರ್ಕಾರಿ ಪಟ್ಟಿಯಲ್ಲಿ ಭೀಮಾ–ಕಲಾದಗಿ ಕೊಳ್ಳವೂ ಒಂದು. ಬಾಗಲಕೋಟೆ ಜಿಲ್ಲೆಯ ಕಲಾದಗಿಯ ಹೆಸರು ಹೊತ್ತ ಈ ಶಿಲಾಸಮೂಹ ಬಾದಾಮಿಯ ಕೆಂಪು ಬಂಡೆಗಳನ್ನು ಒಳಗೊಂಡಿದೆ; ಅದರ ದಕ್ಷಿಣದ ಅಂಚು ಗಜೇಂದ್ರಗಡದ ಮರಳುಗಲ್ಲಿನ ಗುಡ್ಡಗಳತ್ತ ಚಾಚಿದೆ. ರೋಣ, ನರಗುಂದಗಳ ಎರೆಯ ಅಡಿಯಲ್ಲಿ ಬಹುಮಟ್ಟಿಗೆ ಇದಕ್ಕೂ ಹಳೆಯ ಗಟ್ಟಿಶಿಲೆಯಿದೆ. ಹೀಗಾಗಿ ಮೂರೂ ತಾಲ್ಲೂಕುಗಳು ಕೊಳ್ಳದ ಅಂಚಿನ ನೆರೆಹೊರೆಯವು. ಆದರೆ ಪಟ್ಟಿಯೊಂದರ ನೆರಳು ಭೂವಿಜ್ಞಾನದ ನಕಾಶೆಯ ಗೆರೆಗೆ ಬಂದು ನಿಲ್ಲುವುದಿಲ್ಲ. ಹೊಲದ ಬೆಲೆ, ಸಾಲದ ಮಾತು, ಮಾರಾಟದ ಆತುರ ಎಲ್ಲವೂ ಗೆರೆಯ ಎರಡೂ ಬದಿಗೆ ಹರಡುತ್ತವೆ.

ಈ ಕೊಳ್ಳದ ವರ್ಗೀಕರಣದ ಕಥೆಯೇ ಪದಗಳ ಬಲವನ್ನು ತೋರಿಸುತ್ತದೆ. ಹಿಂದೆ ದೇಶದ ಕೊಳ್ಳಗಳನ್ನು ನಾಲ್ಕು ವರ್ಗಗಳಲ್ಲಿ ಇಡಲಾಗಿತ್ತು. ಭೀಮಾ–ಕಲಾದಗಿ ಇದ್ದದ್ದು ನಾಲ್ಕನೆಯದರಲ್ಲಿ. ಸಾಧ್ಯತೆ ಅನಿಶ್ಚಿತ, ಜಗತ್ತಿನ ಇಂಥದೇ ಇತರ ಕೊಳ್ಳಗಳ ಹೋಲಿಕೆಯಿಂದ ಮಾತ್ರ ಆಶೆ ಇಡಬಹುದು ಎಂಬುದು ಆ ವರ್ಗದ ವಿವರಣೆಯಾಗಿತ್ತು. ಬಳಿಕ ವರ್ಗಗಳು ಮೂರಾದವು. ತೈಲ ಉತ್ಪಾದಿಸುತ್ತಿರುವ ಕೊಳ್ಳಗಳು ಮೊದಲನೆಯದು; ತೈಲ ಕಂಡುಬಂದಿದ್ದರೂ ವಾಣಿಜ್ಯ ಉತ್ಪಾದನೆ ಬಾಕಿಯಿರುವವು ಎರಡನೆಯದು; ಇನ್ನೂ ಏನೂ ಪತ್ತೆಯಾಗದೆ ನಿರೀಕ್ಷೆಯಷ್ಟೇ ಇರುವವು ಮೂರನೆಯದು. ಭೀಮಾ–ಕಲಾದಗಿ ಮೂರನೆಯದಕ್ಕೆ ಸೇರಿತು. ನಾಲ್ಕರಿಂದ ಮೂರಕ್ಕೆ ಏರಿದಂತೆ ಕಾಣುವ ಈ ಬದಲಾವಣೆಗೆ ನೆಲದಡಿಯ ಯಾವ ಘಟನೆಯೂ ಕಾರಣವಲ್ಲ. ಒಂದು ಹನಿ ಎಣ್ಣೆಯೂ ಹೊಸದಾಗಿ ಕಂಡಿಲ್ಲ. 'ಅನಿಶ್ಚಿತ' ಎಂಬ ಮಾತು ಹೋಗಿ 'ನಿರೀಕ್ಷಿತ ಸಂಪನ್ಮೂಲ' ಎಂಬ ಮಾತು ಬಂತು, ಅಷ್ಟೇ.

ಹಾಗೆಂದು ವರ್ಗ ಬದಲಾಗುವುದೇ ಇಲ್ಲವೆಂದಲ್ಲ. ಪಶ್ಚಿಮ ಬಂಗಾಳದ ಅಶೋಕನಗರದಲ್ಲಿ ಕೊರೆದ ಬಾವಿಯಿಂದ ತೈಲ ಬಂದ ಮೇಲೆ 2020ರ ಡಿಸೆಂಬರಿನಲ್ಲಿ ಬಂಗಾಳ ಕೊಳ್ಳ ಮೊದಲ ವರ್ಗಕ್ಕೆ ಸೇರಿ, ದೇಶದ ಎಂಟನೆಯ ಉತ್ಪಾದಕ ಕೊಳ್ಳವೆನಿಸಿತು. ಅಲ್ಲಿ ಬಾವಿಯೇ ಮಾತನ್ನು ಬದಲಿಸಿತು. ಕಲಾದಗಿಯಲ್ಲಿ ಬಾವಿಯಿಲ್ಲದೆಯೇ ಮಾತು ಬದಲಾಯಿತು. ಈ ಎರಡನ್ನೂ ಬೇರ್ಪಡಿಸಿ ನೋಡುವ ಶಕ್ತಿ ಓದುಗನಿಗೆ ಇರಬೇಕಾದರೆ ಆ ಪದಗಳ ಅರ್ಥ ತಿಳಿದಿರಬೇಕು.

ಜಗತ್ತಿನ ತೈಲೋದ್ಯಮ ಇಂದು ಹೆಚ್ಚಾಗಿ ಅನುಸರಿಸುವ ವರ್ಗೀಕರಣವನ್ನು ಪೆಟ್ರೋಲಿಯಂ ಎಂಜಿನಿಯರುಗಳ ಅಂತಾರಾಷ್ಟ್ರೀಯ ಸಂಘವು ಇತರ ವೃತ್ತಿಸಂಸ್ಥೆಗಳ ಜೊತೆಗೂಡಿ 2007ರಲ್ಲಿ ಹೊರತಂದು 2018ರಲ್ಲಿ ಪರಿಷ್ಕರಿಸಿತು. ಅದರ ಮೂರು ಮುಖ್ಯ ಪದಗಳನ್ನು ಉತ್ತರ ಕರ್ನಾಟಕದ ಹಗೇವಿನ ಹೋಲಿಕೆಯಿಂದ ಸುಲಭವಾಗಿ ತಿಳಿಯಬಹುದು. ಜೋಳ ಕೂಡಿಡುವ ನೆಲಮಾಳಿಗೆಯಂಥ ಗುಂಡಿಯೇ ಹಗೇವು ಎಂಬುದು ಮಲೆನಾಡಿನ ಓದುಗರ ನೆನಪಿನಲ್ಲಿರಲಿ. ಮನೆಯ ಮುಂದಿನ ಹಗೇವನ್ನು ತೆರೆದು, ಕಾಳನ್ನು ನೋಡಿ, ಅಳತೆಯ ಅಂದಾಜು ಮಾಡಿ, ಇಂದಿನ ಪೇಟೆಯ ಧಾರಣೆಯಲ್ಲಿ ಅದನ್ನು ಎತ್ತಿ ಮಾರಿದರೆ ಲಾಭವುಂಟು ಎಂದು ಖಾತ್ರಿಯಾದರೆ ಅದು ಮೊದಲನೆಯದು. ಅದನ್ನು ಮಾತ್ರ ನಿಕ್ಷೇಪ ಎನ್ನಬೇಕು. ಹಗೇವು ತೆರೆದಿದೆ, ಕಾಳು ಕಂಡಿದೆ, ಆದರೆ ಎತ್ತುವ ಖರ್ಚು ಕಾಳಿನ ಬೆಲೆಗಿಂತ ಹೆಚ್ಚು, ಇಲ್ಲವೆ ಅಣ್ಣತಮ್ಮಂದಿರ ವ್ಯಾಜ್ಯ ತೀರಿಲ್ಲ ಎಂದಾದರೆ ಅದು ಎರಡನೆಯದು: ಅಡ್ಡಿಯಿರುವ ಸಂಪನ್ಮೂಲ. ಊರಾಚೆಯ ಹಾಳೂರಿನ ದಿಬ್ಬದಲ್ಲಿ ಹಗೇವು ಇದ್ದಿರಲೇಬೇಕು, ಉಳಿದ ಹಾಳೂರುಗಳಲ್ಲಿ ಇದ್ದವಲ್ಲ, ಎಂದು ಹಿರಿಯರೊಬ್ಬರು ಹೇಳಿದರೆ ಅದು ಮೂರನೆಯದು: ಊಹೆಯ ಸಂಪನ್ಮೂಲ. ಕಲಾದಗಿ ಕೊಳ್ಳ ಇಂದು ಇರುವುದು ಈ ಹಾಳೂರಿನ ದಿಬ್ಬದ ಸ್ಥಿತಿಯಲ್ಲಿ. ಅದಕ್ಕೆ 'ತೈಲ ನಿಕ್ಷೇಪ' ಎಂಬ ಹೆಸರಿಟ್ಟರೆ, ಅಗೆಯದ ದಿಬ್ಬದ ಜೋಳಕ್ಕೆ ಮುಂಗಡ ಹಣ ಪಡೆದಂತಾಗುತ್ತದೆ.

ಹಾಳೂರಿನ ಹಿರಿಯರ ಮಾತು ಪೂರ್ತಿ ಪೊಳ್ಳೆನ್ನಲಾಗದು. ಕಲಾದಗಿಯ ಶಿಲೆಗಳು ನೂರು ಕೋಟಿ ವರ್ಷಗಳ ಆಚೀಚೆಯವು. ನೆಲದ ಮೇಲೆ ಗಿಡಮರಗಳು ಹುಟ್ಟುವುದಕ್ಕೂ ಬಹಳ ಹಿಂದಿನವು. ಅಷ್ಟು ಹಳೆಯ ಕಾಲದ ಸೂಕ್ಷ್ಮಜೀವಿಗಳ ಅವಶೇಷದಿಂದಲೂ ಎಣ್ಣೆ ಉಂಟಾಗಿ ಉಳಿದಿರುವ ನಿದರ್ಶನಗಳು ಒಮಾನಿನಲ್ಲಿ, ಪೂರ್ವ ಸೈಬೀರಿಯಾದಲ್ಲಿ ಇವೆ. ಹೋಲಿಕೆಯ ತರ್ಕ ನಿಂತಿರುವುದು ಇಂಥವುಗಳ ಮೇಲೆ. ವಿಜ್ಞಾನಕ್ಕೆ ಅದು ಯೋಗ್ಯವಾದ ಪ್ರಶ್ನೆ. ಆದರೆ ಪ್ರಶ್ನೆಗೆ ಉತ್ತರದ ಹೆಸರಿಡುವುದು ವಿಜ್ಞಾನವಲ್ಲ.

ಪೆಟ್ರೋಲಿಯಂ ಪದಗಳನ್ನು ಕಟ್ಟುವ ಕೆಲಸ ಹಲವು ಕಡೆ ನಡೆಯುತ್ತದೆ. ಜಿನೀವಾದಲ್ಲಿರುವ ಅಂತಾರಾಷ್ಟ್ರೀಯ ಮಾನಕ ಸಂಸ್ಥೆ, ಅಂದರೆ ಐಎಸ್‌ಒ, ಪೆಟ್ರೋಲಿಯಂ ಉದ್ಯಮದ ಪರಿಭಾಷೆಗೆಂದೇ ಒಂದು ಮಾನಕಮಾಲೆಯನ್ನು ಪ್ರಕಟಿಸಿದೆ. ಅದರ ಕ್ರಮಸಂಖ್ಯೆ 1998. ಕಾಕತಾಳೀಯವಾಗಿ ಅದರ ಬಹುತೇಕ ಭಾಗಗಳು ಹೊರಬಂದದ್ದೂ 1998ರಲ್ಲಿಯೇ. ಕಚ್ಚಾವಸ್ತು ಮತ್ತು ಉತ್ಪನ್ನ, ಗುಣ ಮತ್ತು ಪರೀಕ್ಷೆ, ಶೋಧನೆ ಮತ್ತು ಉತ್ಪಾದನೆ, ಸಂಸ್ಕರಣೆ, ಸಾಗಣೆ, ಅಳತೆ ಎಂದು ಭಾಗ ಭಾಗವಾಗಿ ಪದಗಳಿಗೆ ವ್ಯಾಖ್ಯೆ ನೀಡಲಾಗಿದೆ. ಅದರ ಹಿಂದಿನ ನಿಯಮ ಸರಳವಾದದ್ದು: ಒಂದು ಪರಿಕಲ್ಪನೆಗೆ ಒಂದು ಪದ, ಒಂದು ಪದಕ್ಕೆ ಒಂದು ಪರಿಕಲ್ಪನೆ. ವಾಕ್ಯದಲ್ಲಿ ಪದವನ್ನು ತೆಗೆದು ಅದರ ವ್ಯಾಖ್ಯೆಯನ್ನೇ ಇಟ್ಟರೂ ಅರ್ಥ ಕೆಡಬಾರದು.

ಇಂಥ ಶಿಸ್ತು ಅನಗತ್ಯವೆಂದು ಯಾರೂ ಹೇಳಲಾರರು. ಈ ಸೀಮೆಯಲ್ಲಿ ಚಿಮಣಿ ಎಣ್ಣೆ ಎಂದು ಕರೆಯುವುದನ್ನು ಮಲೆನಾಡಿನವರು ಸೀಮೆಎಣ್ಣೆ ಎನ್ನುತ್ತಾರೆ, ಅಮೆರಿಕದವರು ಕೆರೋಸಿನ್ ಎನ್ನುತ್ತಾರೆ, ಇಂಗ್ಲೆಂಡಿನವರು ಪ್ಯಾರಾಫಿನ್ ಎನ್ನುತ್ತಾರೆ. ಇಲ್ಲಿ ಪ್ಯಾರಾಫಿನ್ ಎಂದರೆ ಮೇಣ. ಭಾರತದ 1934ರ ಪೆಟ್ರೋಲಿಯಂ ಕಾಯಿದೆ ಎಣ್ಣೆಗಳನ್ನು ಹೆಸರಿನಿಂದಲ್ಲ, ಅವುಗಳ ಆವಿ ಯಾವ ಉಷ್ಣತೆಯಲ್ಲಿ ಕಿಡಿಗೆ ಹತ್ತಿಕೊಳ್ಳುತ್ತದೆ ಎಂಬುದರಿಂದ ವಿಂಗಡಿಸುತ್ತದೆ. 23 ಡಿಗ್ರಿಗಿಂತ ಕೆಳಗೆ ಹತ್ತಿಕೊಳ್ಳುವುದು ಮೊದಲ ವರ್ಗ. ಪೆಟ್ರೋಲು ಆ ವರ್ಗದ್ದು, ಸೀಮೆಎಣ್ಣೆ ಅಲ್ಲ. ಹೆಸರಿನ ಗೊಂದಲದಿಂದ ಒಂದರ ಡಬ್ಬಿಗೆ ಇನ್ನೊಂದು ಬಿದ್ದರೆ ಮನೆ ಸುಡುತ್ತದೆ. ಆದ್ದರಿಂದ ಪರಿಭಾಷೆಯನ್ನು ವಿರೋಧಿಸುವುದು ಪರಿಸರ ಚಳವಳಿಯ ಕೆಲಸವಲ್ಲ. ಅದು ಯಾರ ಕೈಯಲ್ಲಿದೆ, ಯಾರ ಭಾಷೆಗೆ ಬರುವುದಿಲ್ಲ ಎಂದು ಕೇಳುವುದು ಅದರ ಕೆಲಸ.

ಐಎಸ್‌ಒ ಮಾನಕಗಳ ಕರಡುಗಳ ಮೇಲೆ ಮತ ಹಾಕುವುದು ಸದಸ್ಯ ರಾಷ್ಟ್ರಗಳ ಮಾನಕ ಸಂಸ್ಥೆಗಳು. ಭಾರತದ ಪರವಾಗಿ ಭಾರತೀಯ ಮಾನಕ ಬ್ಯೂರೋ. ತಾಂತ್ರಿಕ ಸಮಿತಿಗಳಲ್ಲಿ ಕಂಪನಿಗಳ ಪರಿಣತರ ಸಂಖ್ಯೆ ದೊಡ್ಡದು. ಸಂಸ್ಥೆಯ ಅಧಿಕೃತ ಭಾಷೆಗಳು ಇಂಗ್ಲಿಷ್, ಫ್ರೆಂಚ್, ರಷ್ಯನ್. ಪ್ರಕಟವಾದ ಮಾನಕವನ್ನು ಸ್ವಿಸ್ ಫ್ರಾಂಕಿನ ಬೆಲೆ ತೆತ್ತು ಕೊಳ್ಳಬೇಕು. ಮಾನಕ ತಾನಾಗಿ ಕಾನೂನಲ್ಲ. ಆದರೆ ಕಾನೂನೋ ಕರಾರೋ ಅದರತ್ತ ಬೆರಳು ತೋರಿದ ಕ್ಷಣದಿಂದ ಅದರ ಒಂದೊಂದು ಕ್ರಿಯಾಪದಕ್ಕೂ ತೂಕ ಬರುತ್ತದೆ.

ಕ್ರಿಯಾಪದದ ಮಾತು ಸುಮ್ಮನೆ ಹೇಳಿದ್ದಲ್ಲ. ಮಾನಕ ಬರೆಯುವವರಿಗೆ ಐಎಸ್‌ಒ ಹಾಕಿಕೊಟ್ಟ ನಿಯಮದಲ್ಲಿ ಇಂಗ್ಲಿಷಿನ ನಾಲ್ಕು ಸಣ್ಣ ಮಾತುಗಳಿಗೆ ನಾಲ್ಕು ಕಟ್ಟುನಿಟ್ಟಿನ ಅರ್ಥಗಳಿವೆ. 'ಶಲ್' ಎಂದರೆ ಕಡ್ಡಾಯ, 'ಶುಡ್' ಎಂದರೆ ಶಿಫಾರಸು, 'ಮೇ' ಎಂದರೆ ಅನುಮತಿ, 'ಕ್ಯಾನ್' ಎಂದರೆ ಸಾಧ್ಯತೆ. ರೂಢಿಯ ಕನ್ನಡ ಅನುವಾದದಲ್ಲಿ ಮೊದಲೆರಡೂ 'ಬೇಕು' ಆಗುತ್ತವೆ, ಕೊನೆಯೆರಡೂ 'ಬಹುದು' ಆಗುತ್ತವೆ. 'ಕೊರೆತದ ಕೆಸರನ್ನು ತಡೆಪದರ ಹಾಸಿದ ಗುಂಡಿಯಲ್ಲಿಯೇ ಹಾಕಬೇಕು' ಎಂದು ಕನ್ನಡದಲ್ಲಿ ಓದಿದ ಗ್ರಾಮ ಪಂಚಾಯ್ತಿ ಸದಸ್ಯರಿಗೆ ಇದು ಆಜ್ಞೆಯೋ ಸಲಹೆಯೋ ತಿಳಿಯದು. ಕಂಪನಿಯ ವಕೀಲರಿಗೆ ಮಾತ್ರ ತಿಳಿದಿರುತ್ತದೆ. ವಿಚಿತ್ರವೆಂದರೆ ಕನ್ನಡದಲ್ಲಿ ಈ ಸಾಮರ್ಥ್ಯ ಇಲ್ಲದಿಲ್ಲ. ಕಾಯಿದೆಗಳ ಕನ್ನಡ ಕಡ್ಡಾಯಕ್ಕೆ 'ಮಾಡತಕ್ಕದ್ದು' ಎಂಬ ರೂಪವನ್ನು ಬಹುಕಾಲದಿಂದ ಬಳಸುತ್ತಿದೆ. ಭಾಷೆಯಲ್ಲಿರುವ ಹತಾರವನ್ನು ಎತ್ತಿಕೊಳ್ಳದಿರುವುದು ಭಾಷೆಯ ಬಡತನವಲ್ಲ.

ಈ ಪದಗಳ ಮೇಲೆ ರೈತನ ಯಾವ ಹಕ್ಕು ನಿಂತಿದೆ ಎಂಬುದನ್ನು ತಿಳಿಯಲು ಪರಿಸರ ಅನುಮತಿಯ ನಿಯಮವನ್ನು ನೋಡಿದರೆ ಸಾಕು. 2006ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆಯಲ್ಲಿ ತೈಲ ಮತ್ತು ಅನಿಲದ ಅನ್ವೇಷಣೆ, ಅಭಿವೃದ್ಧಿ, ಉತ್ಪಾದನೆ ಮೂರೂ ಒಂದೇ ಮೇಲಿನ ವರ್ಗದಲ್ಲಿದ್ದವು. 2020ರ ಜನವರಿ 16ರ ತಿದ್ದುಪಡಿ 'ಅನ್ವೇಷಣೆ'ಯನ್ನು ಉಳಿದೆರಡರಿಂದ ಬೇರ್ಪಡಿಸಿ ಬಿ–2 ಎಂಬ ಕೆಳಗಿನ ವರ್ಗಕ್ಕೆ ಇಳಿಸಿತು. ಆ ವರ್ಗಕ್ಕೆ ಸಾರ್ವಜನಿಕ ಅಹವಾಲು ಸಭೆಯಿಲ್ಲ. ಸಭೆಯಿರುವ ಯೋಜನೆಗಳಿಗೆ ಪರಿಣಾಮ ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಕೊಡಬೇಕೆಂಬ ನಿಯಮವಿದೆ. ಸಭೆಯೇ ಇಲ್ಲವೆಂದಾಗ ಆ ಸಾರಾಂಶವೂ ಇಲ್ಲ. ಅಂದರೆ ಕಾಗದದ ಮೇಲೆ 'ಅನ್ವೇಷಣೆ' ಎಂಬ ಒಂದು ಪದ ಬಿದ್ದರೆ, ಊರಿನವರು ಓದಬಹುದಾದ ಒಂದು ಹಾಳೆಯನ್ನೂ ಕನ್ನಡದಲ್ಲಿ ಒದಗಿಸಬೇಕಾದ ಕಡ್ಡಾಯ ಉಳಿಯುವುದಿಲ್ಲ.

ಅನ್ವೇಷಣೆ ಎಂಬ ಸಂಸ್ಕೃತ ಪದ ಸುತ್ತಾಡಿ ನೋಡಿಬರುವ ಕೆಲಸದಂತೆ ಕೇಳಿಸುತ್ತದೆ. ಉದ್ಯಮದಲ್ಲಿ ಅದರ ಅರ್ಥ ಬೇರೆ. ಸ್ಫೋಟಕದಿಂದಲೋ ಭಾರದ ಯಂತ್ರದಿಂದಲೋ ನೆಲವನ್ನು ಕಂಪಿಸಿ ಪ್ರತಿಧ್ವನಿ ಅಳೆಯುವುದು ಅದರಲ್ಲಿ ಸೇರಿದೆ. ಸಾವಿರಾರು ಮೀಟರ್ ಆಳಕ್ಕೆ ಪರೀಕ್ಷಾ ಬಾವಿ ಕೊರೆಯುವುದೂ ಸೇರಿದೆ. ಬಾವಿ ಎಂದ ಮೇಲೆ ಕೊರೆತದ ಕೆಸರು, ಕಲ್ಲುಪುಡಿ, ಕೆಲವೊಮ್ಮೆ ಆಳದಿಂದ ಏಳುವ ಉಪ್ಪುನೀರು ಇದ್ದೇ ಇರುತ್ತವೆ. ಸೋಡಿಯಂ ತುಂಬಿದ ನೀರು ಎರೆಮಣ್ಣಿಗೆ ತಗುಲಿದರೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಚದರಿ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ. ಮಳೆನೀರು ಇಂಗದು, ಒಣಗಿದಾಗ ಮೇಲ್ಪದರ ಕಲ್ಲಾಗುತ್ತದೆ. ಹಿಂಗಾರಿಯ ಕಡಲೆ, ಜೋಳ, ಕುಸುಬೆಗಳು ನಿಂತಿರುವುದೇ ಎರೆ ಹಿಡಿದಿಟ್ಟ ತೇವದ ಮೇಲೆ. ಕಾಲುವೆಯಿಂದ ಬಂದ ಸವಳನ್ನೇ ಇನ್ನೂ ಪೂರ್ತಿ ತೊಳೆಯಲಾಗದ ನೆಲಕ್ಕೆ ಮತ್ತೊಂದು ಉಪ್ಪಿನ ಮೂಲ ಸಣ್ಣ ಸಂಗತಿಯಲ್ಲ. ಇದನ್ನು 'ಹುಡುಕಾಟ' ಎನ್ನುವ ಬದಲು 'ಪರೀಕ್ಷಾ ಕೊರೆತ' ಎಂದು ಕರೆದಿದ್ದರೆ ಸಭೆ ಬೇಡವೆನ್ನುವುದು ಇಷ್ಟು ಸುಲಭವಾಗುತ್ತಿತ್ತೇ?

ಕಾಯಿದೆಯ ಪದಗಳೂ ಚಲಿಸುತ್ತಿವೆ. 1948ರ ತೈಲಕ್ಷೇತ್ರಗಳ ಕಾಯಿದೆಗೆ 2025ರಲ್ಲಿ ಆದ ತಿದ್ದುಪಡಿ 'ಖನಿಜ ತೈಲ' ಎಂಬುದರ ವ್ಯಾಖ್ಯೆಯನ್ನು ಹಿಗ್ಗಿಸಿ ಕಲ್ಲಿದ್ದಲ ಪದರದ ಅನಿಲ, ಶೇಲ್ ಅನಿಲ, ಶೇಲ್ ತೈಲಗಳನ್ನೂ ಒಳಗೊಳಿಸಿತು. 'ಗಣಿ ಗುತ್ತಿಗೆ' ಎಂಬ ಮಾತಿನ ಬದಲು 'ಪೆಟ್ರೋಲಿಯಂ ಗುತ್ತಿಗೆ' ಬಂತು. ಶೋಧನೆಯಿಂದ ಉತ್ಪಾದನೆ, ವಿಲೇವಾರಿಯವರೆಗಿನ ಕೆಲಸಗಳು ಆ ಒಂದೇ ಮಾತಿನಡಿ ಬರುತ್ತವೆ. ಅನುಮತಿ ಕೊಡುವಾಗ ಅನ್ವೇಷಣೆ ಬೇರೆ, ಗುತ್ತಿಗೆ ಕೊಡುವಾಗ ಎಲ್ಲವೂ ಒಂದು. ಪದವನ್ನು ಒಡೆಯುವುದೂ ಕೂಡಿಸುವುದೂ ಉದ್ಯಮದ ಅನುಕೂಲಕ್ಕೆ ತಕ್ಕಂತೆ ನಡೆದಿರುವುದು ಮೇಲ್ನೋಟಕ್ಕೇ ಕಾಣುತ್ತದೆ. ತಮಿಳುನಾಡಿನ ನೆಡುವಾಸಲ್ ರೈತರು 2017ರಲ್ಲಿ ಬೀದಿಗಿಳಿದಾಗ ಅವರನ್ನು ಕಾಡಿದ್ದೂ 'ಹೈಡ್ರೋಕಾರ್ಬನ್' ಎಂಬ ಎಲ್ಲವನ್ನೂ ನುಂಗುವ ಪದವೇ. ಅಲ್ಲಿನ ಸರ್ಕಾರ 2020ರ ಫೆಬ್ರುವರಿಯಲ್ಲಿ ಕಾವೇರಿ ಮುಖಜಭೂಮಿಯನ್ನು ಸಂರಕ್ಷಿತ ಕೃಷಿ ವಲಯವೆಂದು ಕಾಯಿದೆಯಲ್ಲಿ ಬರೆಯಬೇಕಾಯಿತು. ಒಂದು ಪದಕ್ಕೆ ಉತ್ತರವಾಗಿ ಇನ್ನೊಂದು ಪದವನ್ನು ಕಾನೂನಿನಲ್ಲಿ ನಿಲ್ಲಿಸಬೇಕಾಯಿತು.

ನರಗುಂದಕ್ಕೆ ಈ ಪಾಠ ಹೊಸದೇನಲ್ಲ. ಮಲಪ್ರಭಾ ಯೋಜನೆಯ ಕಾಗದದಲ್ಲಿ 'ಅಚ್ಚುಕಟ್ಟು' ಎಂಬ ಮಾತಿತ್ತು. ಕಾಲುವೆಯ ನೀರು ತಲುಪಿದ ಹೊಲವೂ ಅಚ್ಚುಕಟ್ಟು, ನಕಾಶೆಯ ಗೆರೆಯೊಳಗೆ ಬಿದ್ದು ನೀರು ಕಾಣದ ಹೊಲವೂ ಅಚ್ಚುಕಟ್ಟು. ನೀರು ಬಾರದ ಹೊಲಕ್ಕೂ ಅಭಿವೃದ್ಧಿ ಕರ ಬಿದ್ದಾಗ ರೈತರ ಸಹನೆ ಮುಗಿಯಿತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರು ನಡೆದು ರೈತರು ಪ್ರಾಣ ಕಳೆದುಕೊಂಡರು. ಆ ದಂಗೆಗೆ ಕಾರಣಗಳು ಹಲವು. ಆದರೆ ಕಾಗದದ ಪದಕ್ಕೂ ಹೊಲದ ಸ್ಥಿತಿಗೂ ನಡುವೆ ಬಿದ್ದ ಬಿರುಕು ಅವುಗಳಲ್ಲಿ ಒಂದು ಎಂಬುದನ್ನು ಮರೆಯಲಾಗದು.

ಆ ನದಿ ಹುಟ್ಟುವ ಘಟ್ಟದ ಜನರಿಗೂ ಇದು ಅಪರಿಚಿತವಲ್ಲ. ಪಶ್ಚಿಮಘಟ್ಟದ ಬಗೆಗೆ ಗಾಡ್ಗೀಳ್ ಸಮಿತಿ 2011ರಲ್ಲಿ ಕೊಟ್ಟ ವರದಿಯ 'ವಲಯ'ವೂ, ಕಸ್ತೂರಿರಂಗನ್ ಸಮಿತಿ 2013ರಲ್ಲಿ ಕೊಟ್ಟ ವರದಿಯ 'ಪ್ರದೇಶ'ವೂ ಬೇರೆ ಬೇರೆ ವ್ಯಾಖ್ಯೆಯವು. ಹಳ್ಳಿಗೆ ಬರುವ ಹೊತ್ತಿಗೆ ಎರಡೂ 'ಪರಿಸರ ಸೂಕ್ಷ್ಮ' ಎಂಬ ಒಂದೇ ಮಾತಾಗಿ, ಆ ಮಾತು 'ಒಕ್ಕಲೆಬ್ಬಿಸುವುದು' ಎಂಬ ಗಾಳಿಸುದ್ದಿಯಾಗಿ ತಿರುಗಿತು. ವರದಿಗಳ ಕನ್ನಡ ಪ್ರತಿ ಸಕಾಲದಲ್ಲಿ ಪ್ರತಿ ಪಂಚಾಯ್ತಿಯ ಮೇಜಿನ ಮೇಲಿದ್ದಿದ್ದರೆ ವಿರೋಧಿಸುವವರು ಏನನ್ನು ವಿರೋಧಿಸುತ್ತಿದ್ದೇವೆಂದು ತಿಳಿದು ವಿರೋಧಿಸುತ್ತಿದ್ದರು, ಒಪ್ಪುವವರು ತಿಳಿದು ಒಪ್ಪುತ್ತಿದ್ದರು.

ಇಂದು ಗಜೇಂದ್ರಗಡದ ಗುಡ್ಡದಲ್ಲಿ ತೈಲದ ಬಾವಿ ಇಲ್ಲ; ಎಂದೂ ಆಗದಿರಬಹುದು. ಹಾಗಿರುವಾಗ ಇಷ್ಟು ಮಾತೇಕೆ ಎಂದು ಕೇಳುವವರಿದ್ದಾರೆ. ಪದಗಳನ್ನು ತಿದ್ದಲು ತಕ್ಕ ಕಾಲವೆಂದರೆ ಯಾರಿಗೂ ಲಾಭವಾಗಲಿ ನಷ್ಟವಾಗಲಿ ಕಣ್ಣೆದುರಿಗೆ ಇಲ್ಲದ ಕಾಲವೇ. ಯಂತ್ರ ಹೊಲದ ಬದುವಿಗೆ ಬಂದು ನಿಂತ ಮೇಲೆ ಪದಕೋಶ ಬರೆಯಲು ಕುಳಿತರೆ ಅದರ ಒಂದೊಂದು ಪದವೂ ಒಂದೊಂದು ಪಕ್ಷಕ್ಕೆ ಸೇರಿಬಿಟ್ಟಿರುತ್ತದೆ. 2017ರಿಂದ ಜಾರಿಯಲ್ಲಿರುವ ಮುಕ್ತ ಪರವಾನಗಿ ಪದ್ಧತಿಯಲ್ಲಿ ಯಾವ ಭಾಗದಲ್ಲಿ ಹುಡುಕಬೇಕೆಂದು ಕಂಪನಿಯೇ ಗುರುತಿಸಿ ಆಸಕ್ತಿ ಸಲ್ಲಿಸಬಹುದು ಎಂಬುದೂ ನೆನಪಿರಲಿ.

ಮಾಡಬಹುದಾದ ಕೆಲಸಗಳು ದೊಡ್ಡ ಹಣ ಬೇಡುವಂಥವಲ್ಲ. ಮೊದಲನೆಯದಾಗಿ, ನಿಕ್ಷೇಪ ಎಂಬ ಪದವನ್ನು ಕಂಡು, ಅಳೆದು, ಲಾಭದಾಯಕವೆಂದು ಖಾತ್ರಿಯಾದದ್ದಕ್ಕೆ ಮಾತ್ರ ಮೀಸಲಿಡುವ ಶಿಸ್ತನ್ನು ಕನ್ನಡ ಪತ್ರಿಕೆಗಳು, ಸರ್ಕಾರದ ಪ್ರಕಟಣೆಗಳು ಪಾಲಿಸಬೇಕು. ಎರಡನೆಯದಾಗಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಹಂಪಿಯ ಕನ್ನಡ ವಿಶ್ವವಿದ್ಯಾಲಯ ರೈತರನ್ನು ಜೊತೆಗಿಟ್ಟುಕೊಂಡು ತೈಲ, ಅನಿಲ, ಗಣಿಗಾರಿಕೆಯ ಸಣ್ಣ ಪದಕೋಶವೊಂದನ್ನು ರಚಿಸಬೇಕು. ಕಡ್ಡಾಯ, ಸಲಹೆ, ಅನುಮತಿ, ಸಾಧ್ಯತೆಗಳಿಗೆ ನಾಲ್ಕು ಬೇರೆ ಕ್ರಿಯಾರೂಪಗಳನ್ನು ಅದರಲ್ಲಿ ನಿಶ್ಚಯಿಸಬೇಕು. ಮೂರನೆಯದಾಗಿ, ಭಾರತೀಯ ಮಾನಕ ಬ್ಯೂರೋ ತನ್ನ ಕರಡುಗಳನ್ನು ಸಾರ್ವಜನಿಕ ಅಭಿಪ್ರಾಯಕ್ಕೆ ಬಿಡುತ್ತದೆ. ಮಣ್ಣು, ನೀರುಗಳನ್ನು ಮುಟ್ಟುವ ಕರಡುಗಳಿಗೆ ಪರಿಸರ ಸಂಘಟನೆಗಳು ಲಿಖಿತ ಅಭಿಪ್ರಾಯ ಕಳಿಸುವ ಅಭ್ಯಾಸ ಬೆಳೆಸಿಕೊಳ್ಳಬೇಕು. ನಾಲ್ಕನೆಯದಾಗಿ, ಪರೀಕ್ಷಾ ಕೊರೆತಕ್ಕೆ ಸಾರ್ವಜನಿಕ ಸಭೆಯನ್ನೂ ಕನ್ನಡದ ಸಾರಾಂಶವನ್ನೂ ಮರಳಿ ಕಡ್ಡಾಯಗೊಳಿಸುವಂತೆ ಒತ್ತಾಯಿಸಬೇಕು.

ಪದಗಳು ಜನರ ಕಡೆಗೂ ಚಲಿಸಬಲ್ಲವು ಎಂಬುದಕ್ಕೆ ನಿದರ್ಶನವಿದೆ. ವಿಶ್ವಸಂಸ್ಥೆಯ ಸಂಪನ್ಮೂಲ ವರ್ಗೀಕರಣ ಚೌಕಟ್ಟಿನ ಮೊದಲ ಅಳತೆಗೋಲು 2009ರ ಆವೃತ್ತಿಯಲ್ಲಿ 'ಆರ್ಥಿಕ ಮತ್ತು ಸಾಮಾಜಿಕ' ಕಾರ್ಯಸಾಧ್ಯತೆ ಎಂದಿತ್ತು. 2019ರ ಪರಿಷ್ಕರಣೆಯಲ್ಲಿ ಅದರೊಳಗೆ 'ಪರಿಸರ' ಎಂಬ ಮಾತು ಸೇರಿತು. ನೆಲದಡಿ ಎಣ್ಣೆಯಿದ್ದರೂ, ತೆಗೆದರೆ ಲಾಭವಿದ್ದರೂ, ಮೇಲಿನ ಮಣ್ಣಿಗೂ ಜನರಿಗೂ ಒಗ್ಗದಿದ್ದರೆ ಅದನ್ನು ಕಾರ್ಯಸಾಧ್ಯವೆನ್ನುವಂತಿಲ್ಲ ಎಂಬ ವಾದಕ್ಕೆ ಅಂತಾರಾಷ್ಟ್ರೀಯ ಪರಿಭಾಷೆಯಲ್ಲಿಯೇ ಈಗ ಒಂದು ನೆಲೆ ದೊರೆತಿದೆ. ಅದನ್ನು ಬಳಸಿಕೊಳ್ಳುವುದು ಅದನ್ನು ಓದಬಲ್ಲವರಿಗೆ ಮಾತ್ರ ಸಾಧ್ಯ.

ಸವಳಿಗೂ ಜವಳಿಗೂ ವ್ಯತ್ಯಾಸ ಬಲ್ಲ ರೈತನಿಗೆ ಊಹೆಗೂ ನಿಕ್ಷೇಪಕ್ಕೂ ಇರುವ ವ್ಯತ್ಯಾಸ ಕಠಿಣವಾಗಲಾರದು. ಹೇಳುವವರು ಅವನ ಭಾಷೆಯಲ್ಲಿ, ಬಾವಿ ಕೊರೆಯುವ ಮೊದಲು, ಹೇಳಬೇಕು ಅಷ್ಟೇ.